ಪಿಕಪ್‌ನಲ್ಲಿ ಬೈಕ್ ವಾಲದಂತೆ ಕಟ್ಟಿದ್ದು ಹೀಗೆ

ಅಪ್ಪನ ಹಳೇ ಬುಲೆಟ್ಟನ್ನು ತೀರ್ಥಹಳ್ಳಿಯಿಂದ ಉಡುಪಿಗೆ ಸಾಗಿಸಬೇಕಿತ್ತು. ಮೊದಲ ಸಲ ಪಿಕಪ್‌ಗೆ ಹತ್ತಿಸಿ, ಸೈಡ್ ಸ್ಟ್ಯಾಂಡ್ ಹಾಕಿ, ನೈಲಾನ್ ಹಗ್ಗದಿಂದ ಬಿಗಿದೆವು. ಆಗುಂಬೆ ಮುಟ್ಟುವ ಮೊದಲೇ ಗಾಡಿ ವಾಲಿತ್ತು. ಟ್ಯಾಂಕಿಗೆ ಉದ್ದ ಗೀರು. ನೋಡಿ ಹೊಟ್ಟೆ ಉರಿಯಿತು. ವಾಪಸ್ ಬಂದೆವು.

ತಪ್ಪು ಆಮೇಲೆ ಗೊತ್ತಾಯಿತು. ಮಳೆಯಲ್ಲಿ ನೆನೆದ ನೈಲಾನ್ ಹಿಗ್ಗುತ್ತದೆ. ಜೊತೆಗೆ, ಗುಂಡಿಗೆ ಬಿದ್ದಾಗಲೆಲ್ಲ ಮುಂದಿನ ಫೋರ್ಕ್ (ಮುಂದಿನ ಚಕ್ರವನ್ನು ಹಿಡಿದಿರುವ ಸ್ಪ್ರಿಂಗ್ ಕೊಳವೆ) ಕುಗ್ಗುತ್ತದೆ. ಆ ಕ್ಷಣ ಹಗ್ಗ ಸಡಿಲ, ಅಲ್ವಾ?

ಎರಡನೇ ಸಲ 4 ರ‍್ಯಾಚೆಟ್ ಬೆಲ್ಟ್ (ಹಿಡಿ ಆಡಿಸಿದಷ್ಟೂ ಬಿಗಿಯಾಗುವ ಪಟ್ಟಿ) ತಂದೆ. ಮುಂದಿನ ಚಕ್ರವನ್ನು ಪಿಕಪ್‌ನ ಎದುರು ತಗಡಿಗೆ ಒತ್ತಿ ನಿಲ್ಲಿಸಿ, ಎರಡೂ ಬದಿಗೆ ಮರದ ತುಂಡು ಕೊಟ್ಟೆ. ಸ್ಟ್ಯಾಂಡ್ ಎತ್ತಿಬಿಟ್ಟೆ. ಬೆಲ್ಟನ್ನು ಹ್ಯಾಂಡಲ್‌ಗೆ ಕಟ್ಟಲಿಲ್ಲ, ಅದು ಬಾಗಬಹುದು. ಅದರ ಕೆಳಗೆ ಎರಡು ಫೋರ್ಕನ್ನೂ ಹಿಡಿದಿರುವ ಕ್ಲ್ಯಾಂಪ್‌ಗೆ ಹಾಕಿ, ಮುಂದಕ್ಕೂ ಹೊರಕ್ಕೂ ಓರೆಯಾಗಿ ಎಳೆದೆ. ಎಡಕ್ಕೆ ಸ್ವಲ್ಪ, ಬಲಕ್ಕೆ ಸ್ವಲ್ಪ, ಫೋರ್ಕ್ ಸುಮಾರು ಅರ್ಧ ಕುಗ್ಗುವ ತನಕ. ಪೂರ್ತಿ ಕುಗ್ಗಿಸಬೇಡಿ, ಅದರೊಳಗಿನ ಎಣ್ಣೆ ಸೋರದಂತೆ ತಡೆಯುವ ಆಯಿಲ್ ಸೀಲ್‌ಗೆ ಒಳ್ಳೆಯದಲ್ಲ. ಹಿಂದಿನ ಎರಡು ಬೆಲ್ಟ್ ಬೈಕಿನ ಚಾಸಿಸ್‌ಗೆ. ಗೇರ್ ಒಂದರಲ್ಲಿ. ಪೇಂಟ್ ತಾಗುವ ಕಡೆ ಹಳೇ ಪಂಚೆ ಮಡಚಿ ಇಟ್ಟೆ.

10 ಕಿಲೋಮೀಟರ್ ಆದ ಮೇಲೆ ನಿಲ್ಲಿಸಿ ನೋಡಿದೆ. ಎಡಗಡೆ ಒಂದು ಬೆಲ್ಟ್ ಚೂರು ಸಡಿಲಾಗಿತ್ತು, ಬಿಗಿದೆ. ಇದನ್ನು ಮಾತ್ರ ಯಾರೂ ಬಿಡಬೇಡಿ. ಘಾಟಿಯ 14 ತಿರುವು ಇಳಿದು ಸೋಮೇಶ್ವರದಲ್ಲಿ ಚಹಾಕ್ಕೆ ನಿಂತಾಗ ಬುಲೆಟ್ ಹತ್ತಿಸಿದ ಹಾಗೇ ನೆಟ್ಟಗೆ ನಿಂತಿತ್ತು.