ಎರಡು ತಿಂಗಳು ನೊಣ ಹೊಡೀತಾ ಕೂತಿದ್ದೆ

ಕೆಲ್ಸ ಇಲ್ದೇ ಇರೋರನ್ನ ‘ನೊಣ ಹೊಡೀತಾ ಕೂತಿದಾನೆ’ ಅಂತ ಆಡ್ಕೋತೀವಲ್ಲ, ನಾನು ಎರಡು ತಿಂಗಳು ನಿಜವಾಗ್ಲೂ ಅದನ್ನೇ ಮಾಡಿದೀನಿ, ಅನುಭವದಿಂದ ಹೇಳ್ತೀನಿ ಕೇಳಿ, ಅದು ಕೆಲ್ಸ ಇಲ್ದೋರ ಕೆಲ್ಸ ಅಲ್ವೇ ಅಲ್ಲ. ಮನೇಲಿ ಆಗ ತೆವಳೋ ಮಗು, ನೆಲದ ಮೇಲೆ ಸಿಕ್ಕಿದ್ದೆಲ್ಲ ಬಾಯಿಗೆ ಹಾಕ್ಕೊಳ್ಳೋ ವಯಸ್ಸು, ಹಾಗಾಗಿ ಸ್ಪ್ರೇ ಮಾತೇ ಎತ್ತೋ ಹಾಗಿರ್ಲಿಲ್ಲ. ಅದಕ್ಕೂ ಮುಂಚೆ ಹೊಡೀತಿದ್ವಿ, ಸುಳ್ಳು ಯಾಕೆ ಹೇಳ್ಲಿ. ಹೊಡೆದ ದಿನ ಒಂದಷ್ಟು ಬೀಳ್ತಿದ್ವು, ಎರಡು ದಿನ ಬಿಟ್ರೆ ಮತ್ತೆ ಅಷ್ಟೇ ಇರ್ತಿದ್ವು. ಔಷಧಿಗೆ ಬಗ್ಗದ ನೊಣ ಇವತ್ತಿನ ಕಥೆ ಏನಲ್ಲ, ಡಿಡಿಟಿ ಬಂದ 1940ರ ದಶಕದಲ್ಲೇ ಅದನ್ನ ಜೀರ್ಣಿಸಿಕೊಂಡ ನೊಣಗಳು ಹುಟ್ಟಿದ್ವು.

ಮೊದಲು ಕೈಗೆ ಸಿಕ್ಕಿದ್ದು ಸುರುಳಿ ಸುತ್ತಿದ ಪೇಪರ್ರು. ಹತ್ತು ಏಟಿಗೆ ಒಂದು ನೊಣ, ಅದೂ ಪಾಪ ಮುದಿ ನೊಣ ಇರ್ಬೇಕು. ಕಾರಣ ಆಮೇಲೆ ಅರ್ಥ ಆಯ್ತು, ಪೇಪರ್ರು ತನ್ನ ಮುಂದೆ ಗಾಳಿ ತಳ್ಕೊಂಡು ಬರುತ್ತೆ, ಆ ಗಾಳಿ ನೊಣದ ಮೈಮೇಲಿರೋ ಕೂದಲಿಗೆ ತಾಗಿದ ಕೂಡ್ಲೇ ಅದು ಹಾರಿರುತ್ತೆ. ಜಾಲರಿ ಬ್ಯಾಟಲ್ಲಿ ಗಾಳಿ ತೂತಿಂದ ಹೊರಟು ಹೋಗುತ್ತೆ, ಅದಕ್ಕೇ ಅದು ಗೆಲ್ಲೋದು. ಈ ಬ್ಯಾಟಿಗೆ ಅಮೆರಿಕದಲ್ಲಿ ರಾಬರ್ಟ್ ಮಾಂಟ್ಗೊಮರಿ ಅನ್ನೋರು 1900ರಲ್ಲೇ ಪೇಟೆಂಟ್ ತಗೊಂಡಿದ್ರು, ಐದು ವರ್ಷ ಆದ್ಮೇಲೆ ಕ್ಯಾನ್ಸಸ್‌ನ ಡಾಕ್ಟರ್ ಸ್ಯಾಮ್ಯುಯೆಲ್ ಕ್ರಂಬೈನ್ ಅದಕ್ಕೆ ‘ಫ್ಲೈ ಸ್ವಾಟರ್’ ಅಂತ ಹೆಸರಿಟ್ರು. ನೂರಿಪ್ಪತ್ತು ವರ್ಷ ಆದ್ರೂ ಅದರ ಆಕಾರ ಬದಲಾಗಿಲ್ಲ ಅಂದ್ರೆ ಏನೋ ಇದೆ ಅದ್ರಲ್ಲಿ. ನಾನು ಕೊಳ್ಳೋಕೆ ಹೋಗ್ಲಿಲ್ಲ, ಕಿಟಕಿಗೆ ಹಾಕಿ ಉಳಿದಿದ್ದ ಪ್ಲಾಸ್ಟಿಕ್ ಜಾಲರಿ ತುಂಡನ್ನ ಅಂಗೈ ಅಗಲ ಕತ್ತರಿಸಿ, ಎರಡು ಪದರ ಮಾಡಿ, ಅಂಚು ಹೊಲಿದು, ಬಳುಕೋ ಕಡ್ಡಿಗೆ ತಂತಿಯಿಂದ ಕಟ್ಟಿದೆ. ಕಡ್ಡಿ ಬಳುಕ್ಬೇಕು, ಗಟ್ಟಿ ಕೋಲು ಕಟ್ಟಿದ್ರೆ ತುದಿಗೆ ವೇಗ ಬರಲ್ಲ, ಮೊದಲನೇದು ಹಾಗೇ ಕಟ್ಟಿ ಬಿಸಾಕಿದ್ದೀನಿ.

ಇನ್ನು ಹೊಡೆಯೋ ರೀತಿ. ನಮ್ಮ ಕಣ್ಣು ಸೆಕೆಂಡಿಗೆ ಸುಮಾರು 60 ಮಿಣುಕು ಬಿಡಿಬಿಡಿಯಾಗಿ ಹಿಡಿಯುತ್ತೆ ಅಂದ್ರೆ ನೊಣದ ಕಣ್ಣು 250ರ ಹತ್ತಿರ ಹಿಡಿಯುತ್ತೆ, ಅಂದ್ರೆ ನಾವು ಜೋರಾಗಿ ಬೀಸಿದ್ದು ಅದಕ್ಕೆ ನಿಧಾನವಾಗಿ ತೇಲಿ ಬರೋ ಹಾಗೆ ಕಾಣುತ್ತೆ. ಹಾಗಾಗಿ ದೂರದಿಂದ ತೋಳು ಬೀಸಿ ಹೊಡೆಯೋದು ದಂಡ. ಬ್ಯಾಟನ್ನ ತುಂಬಾ ನಿಧಾನವಾಗಿ, ಅವಸರ ಇಲ್ದೇ, ಒಂದು ಗೇಣು ದೂರದವರೆಗೂ ತಗೊಂಡು ಹೋಗೋದು, ಅಲ್ಲಿ ಒಂದು ಉಸಿರು ನಿಲ್ಲಿಸಿ, ಬರೀ ಮಣಿಕಟ್ಟಿಂದ ಪಟ್ ಅನ್ನಿಸೋದು, ಗುರಿ ನೊಣದ ಮೇಲಲ್ಲ, ಅದು ಹಾರಿ ಹೋಗೋ ಕಡೆಗೆ ಎರಡು ಬೆರಳು ಮುಂದೆ. ನೊಣ ಅಪಾಯ ಬಂದ ದಿಕ್ಕಿಗೆ ಬೆನ್ನು ಹಾಕಿ ನೆಗೆಯುತ್ತೆ, ಹಾಗಾಗಿ ನೀವು ಎಡಗಡೆಯಿಂದ ಬಂದ್ರೆ ಅದು ಬಲಕ್ಕೆ. ಇಷ್ಟು ತಿಳ್ಕೊಂಡ ಮೇಲೆ ಹತ್ತಕ್ಕೆ ಏಳು ಬೀಳೋಕೆ ಶುರುವಾಯ್ತು. ಊಟದ ಮೇಜಿನ ಮೇಲೆ ಮಾತ್ರ ಹೊಡೀಬೇಡಿ, ಚೂರು ಎಲ್ಲೆಲ್ಲೋ ಸಿಡಿಯುತ್ತೆ. ಕರೆಂಟ್ ಬ್ಯಾಟು ಇನ್ನೂ ಮೋಸ, ಚಟ್ ಅಂತ ಸಿಡಿದು ಪುಡಿ ಹಾರುತ್ತೆ, ಅಡುಗೆಮನೇಲಿ ಗ್ಯಾಸ್ ಒಲೆ ಹತ್ರ ಕಿಡಿ ಬೇರೆ, ನಾನು ಅದನ್ನ ಅಡುಗೆಮನೆ ಒಳಗೆ ಬಿಡ್ಲೇ ಇಲ್ಲ.

ರಾತ್ರಿ ಹೊತ್ತಿನ ಉಪಾಯ ನನಗೆ ಬಹಳ ಇಷ್ಟ. ಕತ್ತಲಾದ ಮೇಲೆ ನೊಣ ಸೀಲಿಂಗಿಗೆ, ವೈರಿಗೆ, ನೇತಾಡೋ ದಾರಕ್ಕೆ ಅಂಟ್ಕೊಂಡು ಸುಮ್ಮನಾಗ್ತವೆ, ಅಲ್ಲಿ ಬ್ಯಾಟು ಬೇಡ. ಅಗಲ ಬಾಯಿಯ ಲೋಟದಲ್ಲಿ ಎರಡು ಬೆರಳು ನೀರು, ಎರಡು ಹನಿ ಪಾತ್ರೆ ತೊಳೆಯೋ ಲಿಕ್ವಿಡ್ಡು. ಸ್ಟೂಲ್ ಹತ್ತಿ ನೊಣದ ನೇರ ಕೆಳಗೆ ಹಿಡ್ದು ನಿಧಾನವಾಗಿ ಮೇಲೆತ್ತಿ ಲೋಟದ ಅಂಚು ಸೀಲಿಂಗಿಗೆ ತಾಗೋ ಹೊತ್ತಿಗೆ ಅದು ಹಾರೋಕೆ ಅಂತ ಕೈ ಬಿಡುತ್ತೆ, ಬಿಟ್ಟಿದ್ದೇ ನೀರಿಗೆ, ಸೋಪಿರೋದ್ರಿಂದ ಮೇಲೆ ತೇಲಲ್ಲ, ಮುಳುಗುತ್ತೆ. ಮೊದಲ ದಿನ ಅವಸರಕ್ಕೆ ಲೋಟ ಓರೆ ಆಗಿ ಸೋಪ್ ನೀರು ನನ್ನ ಮುಖಕ್ಕೇ ಬಿತ್ತು, ನನ್ನ ಹೆಂಡತಿ ಅದನ್ನ ಇನ್ನೂ ಬಂದೋರಿಗೆಲ್ಲ ಹೇಳ್ತಾಳೆ.

ಇಷ್ಟೆಲ್ಲ ಮಾಡಿದ್ರೂ ನೊಣದ ಲೆಕ್ಕ ಇಳೀತಿರ್ಲಿಲ್ಲ. ಗೋಡೆಗೆ ಕ್ಯಾಲೆಂಡರ್ ಇತ್ತಲ್ಲ, ದಿನಾ ಎಷ್ಟು ಹೊಡೆದೆ ಅಂತ ಅದ್ರ ಮೇಲೇ ಬರೀತಿದ್ದೆ. ಮೂವತ್ತು, ನಲವತ್ತು, ಮತ್ತೆ ಮೂವತ್ತು. ಮೂರು ವಾರ ಆದ್ರೂ ಕಮ್ಮಿ ಆಗ್ತಿಲ್ಲ ಅಂದ್ರೆ ನಾನು ಹೊಡೀತಿರೋ ವೇಗದಲ್ಲೇ ಎಲ್ಲೋ ಹುಟ್ತಿವೆ ಅಂತ ಅರ್ಥ. ಒಂದು ಹೆಣ್ಣು ಒಂದು ಸಲಕ್ಕೆ ನೂರು ನೂರೈವತ್ತು ಮೊಟ್ಟೆ ಇಡುತ್ತೆ, ಒಟ್ಟು ಜೀವನದಲ್ಲಿ ಐನೂರರ ಸುಮಾರು. ಒಂದು ದಿನದೊಳಗೆ ಮೊಟ್ಟೆ ಒಡೆದು ಹುಳ ಆಗುತ್ತೆ, ಬಿಸಿ ಹವೆ ಇದ್ರೆ ಏಳರಿಂದ ಹತ್ತು ದಿನಕ್ಕೆ ರೆಕ್ಕೆ ಬಂದ ನೊಣ. ಈ ಏಳು ದಿನ ಅನ್ನೋ ಅಂಕಿ ತಲೇಲಿ ಕೂತ ಮೇಲೇ ನನ್ನ ಕೆಲ್ಸದ ದಿಕ್ಕು ಬದಲಾಗಿದ್ದು.

ಹುಡುಕೋಕೆ ಶುರು ಮಾಡ್ದೆ. ಕಸದ ಬುಟ್ಟಿ ದಿನಾ ಖಾಲಿ ಮಾಡ್ತಿದ್ವಿ, ಅದ್ರ ಮೇಲೆ ಅನುಮಾನ ಇರ್ಲಿಲ್ಲ, ಆದ್ರೂ ಕವರ್ ಎತ್ತಿ ನೋಡಿದ್ರೆ ತಳದಲ್ಲಿ ಸೋರಿದ ರಸ ಅಂಟಾಗಿ ನಿಂತಿದೆ, ಅದ್ರಲ್ಲಿ ಬಿಳೀ ಹುಳ ಮಿಜಿಮಿಜಿ. ಇದು ಚಿಕ್ಕ ಕಳ್ಳ. ದೊಡ್ಡದು ಹಿತ್ತಲಲ್ಲಿ ನಾನೇ ಹೆಮ್ಮೆಯಿಂದ ಇಟ್ಟಿದ್ದ ಕಾಂಪೋಸ್ಟ್ ಡ್ರಮ್ಮು. ಡ್ರಮ್ಮಿನ ಸುತ್ತ ಒಣ ಮಣ್ಣಲ್ಲಿ ಕೆಂಪು ಕಂದು ಬಣ್ಣದ ಕಾಳಿನ ಥರ ಏನೋ ರಾಶಿ ಬಿದ್ದಿತ್ತು, ಎಷ್ಟು ದಿನದಿಂದ ನೋಡ್ತಿದ್ದೆನೋ, ಯಾವ್ದೋ ಗಿಡದ ಬೀಜ ಅನ್ಕೊಂಡಿದ್ದೆ. ಅವು ನೊಣದ ಕೋಶ! ಹುಳ ಒದ್ದೇಲಿ ಬೆಳೆದು, ಕೋಶ ಕಟ್ಟೋ ಟೈಮಿಗೆ ಒಣ ಜಾಗ ಹುಡುಕ್ಕೊಂಡು ಆಚೆ ತೆವಳಿ ಬರುತ್ತೆ, ಹಾಗಾಗಿ ಡ್ರಮ್ಮಿನೊಳಗೆ ಮಾತ್ರ ಇಣುಕಿ ನೋಡಿದ್ರೆ ಅರ್ಧ ಕಥೆ ಅಷ್ಟೇ ಸಿಗೋದು.

ನನ್ನ ತಪ್ಪು ಏನಂದ್ರೆ ಹಸಿ ಕಸ ಹಾಕಿ ಹಾಗೇ ಬಿಡ್ತಿದ್ದೆ, ಅದು ಕೆಸರಾಗಿತ್ತು. ಈಗ ಪ್ರತಿ ಸಲ ಹಾಕಿದ ಮೇಲೆ ಮೂರು ಬೆರಳು ದಪ್ಪ ಒಣ ಎಲೆ ಇಲ್ಲಾ ಮರದ ಹೊಟ್ಟು ಮುಚ್ತೀನಿ, ಹಸಿ ಒಂಚೂರೂ ಕಾಣಬಾರ್ದು. ಬಾಯಿಗೆ ತೆಳು ಬಟ್ಟೆ ಹಾಕಿ ಎಲಾಸ್ಟಿಕ್ ಬಿಗಿದಿದೀನಿ. ಐದು ದಿನಕ್ಕೊಂದು ಸಲ ಮೊಣಕೈ ಉದ್ದದ ಕೋಲಿನಿಂದ ಅಡಿಮೇಲು ಮಾಡ್ತೀನಿ, ಒಳಗಿನ ಬಿಸಿ ಅಂಚಿನ ಹುಳಕ್ಕೂ ತಾಗ್ಬೇಕು ಅಂತ. ಸುತ್ತಲಿನ ಮಣ್ಣನ್ನ ಒಂದು ಅಂಗುಲ ಕೆರೆದು ಬಕೆಟ್ಟಿಗೆ ತುಂಬಿ ಕುದಿಯೋ ನೀರು ಹುಯ್ದೆ. ಒಂದು ಮಾತು ಮಧ್ಯ ಹೇಳ್ಬಿಡ್ತೀನಿ, ಡ್ರಮ್ಮಲ್ಲಿ ಚಪ್ಪಟೆಯಾದ, ಬೂದು ಕಂದು ಬಣ್ಣದ, ದೊಡ್ಡ ಹುಳ ಕಂಡ್ರೆ ಕೊಲ್ಬೇಡಿ, ಅದು ಬ್ಲಾಕ್ ಸೋಲ್ಜರ್ ಫ್ಲೈ ಮರಿ, ಅದರ ನೊಣ ನಮ್ಮ ಊಟದ ತಟ್ಟೆಗೆ ಬರಲ್ಲ, ಅವು ತುಂಬಿರೋ ಕಡೆ ಮನೆ ನೊಣ ಮೊಟ್ಟೆ ಇಡೋದೇ ಕಮ್ಮಿ. ನಾನು ಗೊತ್ತಿಲ್ದೇ ಒಂದು ಮೊರದಷ್ಟು ಕೊಂದೆ, ಈಗಲೂ ಬೇಜಾರು.

ಡ್ರಮ್ ಸರಿ ಮಾಡಿ ಹತ್ತು ದಿನ ಕ್ಯಾಲೆಂಡರಲ್ಲಿ ಏನೂ ಬದಲಾವಣೆ ಇಲ್ಲ, ಯಾಕಂದ್ರೆ ಈಗಾಗ್ಲೇ ಹಾರ್ತಿರೋ ನೊಣ ಎರಡು ಮೂರು ವಾರ ಬದುಕಿರ್ತಾವೆ. ಅವುಗಳಿಗೇ ಬಲೆ ಬೇಕಾಗಿದ್ದು. ಪ್ಲಾಸ್ಟಿಕ್ ಬಾಟ್ಲಿಯ ಮೇಲಿನ ಮೂರನೇ ಒಂದು ಭಾಗ ಕತ್ತರಿಸಿ, ಮುಚ್ಚಳ ತೆಗೆದು, ತಲೆಕೆಳಗಾಗಿ ಆಲಿಕೆ ಥರ ಒಳಗಿಟ್ಟು, ಸುತ್ತ ಟೇಪು. ವಾಸನೆ ಹಿಡಿದು ನೊಣ ಕೆಳಗಿಳಿಯುತ್ತೆ, ವಾಪಸ್ ಹೋಗ್ಬೇಕಾದ್ರೆ ಬೆಳಕಿನ ಕಡೆ ಪಕ್ಕಕ್ಕೆ ಹಾರಿ ಹಾರಿ ಗೋಡೆಗೇ ಡಿಕ್ಕಿ, ನಡುವಿನ ಸಣ್ಣ ತೂತು ಅದಕ್ಕೆ ಸಿಗಲ್ಲ. ಮೊದಲು ಸಕ್ಕರೆ ನೀರು ಹಾಕಿದ್ದೆ, ನೊಣಕ್ಕಿಂತ ಜೇನುನೊಣ ಜಾಸ್ತಿ ಬಿದ್ವು, ನೋಡಿ ಹೊಟ್ಟೆ ಉರೀತು, ಅವತ್ತೇ ಚೆಲ್ಲಿದೆ. ಆಮೇಲೆ ಮೀನು ತೊಳೆದ ನೀರು, ಅದ್ರ ಚೂರು, ಎರಡು ದಿನ ಬಿಸಿಲಲ್ಲಿ ಕೊಳೀಲಿ ಅಂತ ಬಿಟ್ಟೆ. ವಾಸನೆ ಬಗ್ಗೆ ಕೇಳ್ಬೇಡಿ. ಜೇನು ಅದ್ರ ಹತ್ರ ಸುಳಿಯಲ್ಲ, ನೊಣ ಮಾತ್ರ ಮುತ್ತಿಕೊಂಡ್ವು.

ಆದ್ರೆ ಅದನ್ನ ನಾನು ಇಟ್ಟಿದ್ದು ಎಲ್ಲಿ? ಅಡುಗೆಮನೆ ಕಿಟಕಿ ಹೊರಗೆ. ಬೀದೀಲಿ ಹೋಗೋ ನೊಣನ್ನೆಲ್ಲ ಕರೆದು ಮನೆ ತೋರಿಸಿದ ಹಾಗಾಯ್ತು, ಆ ದಿನ ಕ್ಯಾಲೆಂಡರಲ್ಲಿ ಅರವತ್ತೆರಡು. ಬಲೆ ಇರ್ಬೇಕಾದ್ದು ಬಾಗಿಲು ಕಿಟಕಿಯಿಂದ ದೂರ, ಕಸದ ಜಾಗಕ್ಕೂ ಮನೆಗೂ ನಡುವೆ, ಬಿಸಿಲು ಬೀಳೋ ಕಡೆ. ಹದಿನೈದು ಹೆಜ್ಜೆ ಆಚೆ ಸರಿಸಿದ ಮೇಲೆ ಸರಿ ಹೋಯ್ತು. ಇನ್ನೊಂದು, ಐದು ದಿನಕ್ಕೆ ಖಾಲಿ ಮಾಡ್ಲೇಬೇಕು. ನೀರು ಆರಿ ಗಸಿ ಉಳಿದ್ರೆ ಬಲೆಯೊಳಗೇ ಮೊಟ್ಟೆ ಇಟ್ಟು ಹುಳ ಬೆಳೆಯುತ್ತೆ, ನೊಣ ಹಿಡಿಯೋಕೆ ಇಟ್ಟ ಬಾಟ್ಲಿ ನೊಣ ಸಾಕೋ ಬಾಟ್ಲಿ ಆಗುತ್ತೆ.

ಅಂಟು ಪಟ್ಟಿನೂ ನೇತು ಹಾಕಿದ್ದೆ, ನೊಣಕ್ಕೆ ನೇತಾಡೋ ದಾರದ ಮೇಲೆ ಕೂರೋ ಚಟ ಇರೋದ್ರಿಂದ ಅದು ಕೆಲ್ಸ ಮಾಡುತ್ತೆ, ಧೂಳು ಕೂತ್ರೆ ಮಾತ್ರ ಮುಗೀತು. ಒಂದು ಬೆಳಿಗ್ಗೆ ನೋಡಿದ್ರೆ ಹಲ್ಲಿ ಸಿಕ್ಕಾಕ್ಕೊಂಡಿದೆ, ಅಡುಗೆ ಎಣ್ಣೆ ಹನಿ ಹನಿ ಬಿಟ್ಟು ಅರ್ಧ ಗಂಟೆ ಕೂತು ಬಿಡಿಸ್ದೆ. ರಾತ್ರಿ ಪುಕ್ಕಟೆ ನೊಣ ತಿನ್ನೋ ಪ್ರಾಣಿ ಅದು. ಆಮೇಲೆ ಪಟ್ಟೀನ ಗೋಡೆಯಿಂದ ದೂರ, ಕೋಣೆ ನಡುವೆ ಮಾತ್ರ ಕಟ್ಟಿದೆ. ನೀರು ತುಂಬಿದ ಪ್ಲಾಸ್ಟಿಕ್ ಚೀಲ ಬಾಗಿಲಿಗೆ ಕಟ್ಟಿದ್ದೆ, ನಿಂಬೆಹಣ್ಣಿಗೆ ಲವಂಗ ಚುಚ್ಚಿ ಇಟ್ಟಿದ್ದೆ, ಎರಡರ ಮೇಲೂ ನೊಣ ಬಂದು ಕೂತಿದ್ದನ್ನ ಕಣ್ಣಾರೆ ನೋಡಿದೀನಿ. ಹಣ್ಣಿನ ಮೇಲೆ ಗುಂಯ್‌ಗುಡೋ ಸಣ್ಣ ಸಣ್ಣವಕ್ಕೆ ಲೋಟದಲ್ಲಿ ವಿನೆಗರ್ ಮತ್ತೆ ಒಂದು ಹನಿ ಸೋಪು ಸಾಕು, ಆದ್ರೆ ಅದು ಬೇರೆ ಜಾತಿ, ಮನೆ ನೊಣ ಅದಕ್ಕೆ ಬೀಳಲ್ಲ.

ಬೇಗ ಓಡಿಸ್ಬೇಕು, ಕೊಲ್ಲೋ ಪುರುಸೊತ್ತಿಲ್ಲ ಅಂದ್ರೆ ಲೈಟು ಆರಿಸಿ, ಎಲ್ಲಾ ಕರ್ಟನ್ ಎಳೆದು, ಒಂದು ಕಿಟಕಿ ಮಾತ್ರ ತೆಗೆದಿಡಿ, ಬೆಳಕಿದ್ದ ಕಡೆ ತಾವೇ ಹೊರಡ್ತವೆ. ಊಟದ ಹೊತ್ತಿಗೆ ಒಂದು ಟೇಬಲ್ ಫ್ಯಾನು, ಗಾಳಿಗೆ ಎದುರಾಗಿ ಇಳಿಯೋ ಶಕ್ತಿ ಅವಕ್ಕಿಲ್ಲ.

ಏಳನೇ ವಾರದ ಹೊತ್ತಿಗೆ ಕ್ಯಾಲೆಂಡರಲ್ಲಿ ಎರಡು, ಮೂರು, ಒಂದು ದಿನ ಸೊನ್ನೆ. ಎಂಟನೇ ವಾರ ಇದ್ದಕ್ಕಿದ್ದ ಹಾಗೆ ಹನ್ನೊಂದು ಬಂತು, ಸೀದಾ ಹಿತ್ತಲಿಗೆ ಹೋಗಿ ನೋಡಿದ್ರೆ ಡ್ರಮ್ಮಿನ ಎಲಾಸ್ಟಿಕ್ ಕಿತ್ತು ಹೋಗಿ ಬಟ್ಟೆ ಒಂದು ಕಡೆ ಜಾರಿತ್ತು.