ಸ್ಯಾಂಟಿಯಾಗೊದಿಂದ ಬ್ಯೂನಸ್ ಐರಿಸ್‌ಗೆ: ದೂರ, ಸಮಯ ನಾನೇ ಲೆಕ್ಕ ಹಾಕಿದ್ದು

ಟಿಕೆಟ್ ನೋಡಿದಾಗ ಏನೋ ತಪ್ಪಾಗಿದೆ ಅನ್ನಿಸಿತು. ಜುಲೈ ತಿಂಗಳು. ಚಿಲಿಯ ಸ್ಯಾಂಟಿಯಾಗೊದಿಂದ ಬೆಳಿಗ್ಗೆ 10ಕ್ಕೆ ಹೊರಟರೆ ಅರ್ಜೆಂಟೀನಾದ ಬ್ಯೂನಸ್ ಐರಿಸ್ ತಲುಪುವುದು ಮಧ್ಯಾಹ್ನ 1ಕ್ಕೆ. ವಾಪಸ್ ಬರುವಾಗ 10ಕ್ಕೆ ಹೊರಟರೆ 11:20ಕ್ಕೇ ಇಳಿಯಬಹುದು. ಅದೇ ದಾರಿ, ಹೋಗಲು 3 ಗಂಟೆ, ಬರಲು 1 ಗಂಟೆ 20 ನಿಮಿಷ. ಹೇಗೆ?

ಕಾಗದ, ಪೆನ್ನು ಹಿಡಿದು ಕೂತೆ. ಮೊದಲು ದೂರ. ಎರಡೂ ಊರು ಹೆಚ್ಚುಕಡಿಮೆ ಒಂದೇ ಅಕ್ಷಾಂಶದಲ್ಲಿವೆ, ಹಾಗಾಗಿ ಲೆಕ್ಕ ಸುಲಭ. ರೇಖಾಂಶದಲ್ಲಿ ಸುಮಾರು 12.25 ಡಿಗ್ರಿ ವ್ಯತ್ಯಾಸ. ಸಮಭಾಜಕ ವೃತ್ತದ ಮೇಲೆ ಒಂದು ಡಿಗ್ರಿ ಅಂದರೆ 111 ಕಿ.ಮೀ. ದಕ್ಷಿಣಕ್ಕೆ 34 ಡಿಗ್ರಿ ಇಳಿದರೆ ಅದು ಸುಮಾರು 92ಕ್ಕೆ ಇಳಿಯುತ್ತದೆ. 12.25ರಿಂದ ಗುಣಿಸಿದರೆ 1,127. ಅಕ್ಷಾಂಶದ ಚಿಕ್ಕ ವ್ಯತ್ಯಾಸವನ್ನೂ ಸೇರಿಸಿದಾಗ ನೇರ ದೂರ ಸುಮಾರು 1,140 ಕಿ.ಮೀ. ಬಂತು.

ಗಂಟೆಗೆ 850 ಕಿ.ಮೀ. ವೇಗದಲ್ಲಿ ಇದು 80 ನಿಮಿಷದ ದಾರಿ. ಆದರೆ ಆ ಎತ್ತರದಲ್ಲಿ ಗಾಳಿ ಸಾಮಾನ್ಯವಾಗಿ ಪಶ್ಚಿಮದಿಂದ ಪೂರ್ವಕ್ಕೆ ಜೋರಾಗಿ ಬೀಸುತ್ತದೆ. ಗಾಳಿಯ ವೇಗ 100 ಅಂತ ಇಟ್ಟುಕೊಳ್ಳಿ. ಹೋಗುವಾಗ ಅದು ಹಿಂದಿನಿಂದ ತಳ್ಳುತ್ತದೆ, 72 ನಿಮಿಷ ಸಾಕು. ಬರುವಾಗ ಎದುರುಗಾಳಿ, 91 ನಿಮಿಷ ಬೇಕು. ಏರುವುದು, ಇಳಿಯುವುದು, ರನ್‌ವೇವರೆಗೆ ಓಡುವುದು ಎಲ್ಲ ಸೇರಿ ಇನ್ನೊಂದು 45 ನಿಮಿಷ. ಅಂದರೆ ಹೋಗಲು 2 ಗಂಟೆ, ಬರಲು 2 ಗಂಟೆ 20 ನಿಮಿಷ.

ಉಳಿದದ್ದು ಗಡಿಯಾರದ್ದು. ಏಪ್ರಿಲ್‌ನಿಂದ ಸೆಪ್ಟೆಂಬರ್ ಆರಂಭದವರೆಗೆ ಚಿಲಿಯ ಗಡಿಯಾರ ಅರ್ಜೆಂಟೀನಾಕ್ಕಿಂತ ಒಂದು ಗಂಟೆ ಹಿಂದೆ. ಅಲ್ಲಿನ ಬೇಸಿಗೆಯಲ್ಲಿ ಎರಡೂ ಕಡೆ ಒಂದೇ ಸಮಯ. ಟಿಕೆಟ್ ಸರಿಯಾಗಿಯೇ ಇತ್ತು!

ಇದು ತಿಳಿದದ್ದು ಒಳ್ಳೆಯದೇ ಆಯಿತು. ಮಧ್ಯಾಹ್ನ 2ಕ್ಕೆ ಒಬ್ಬರನ್ನು ಭೇಟಿಯಾಗುತ್ತೇನೆ ಅಂದಿದ್ದೆ, 4ಕ್ಕೆ ಮುಂದೂಡಿದೆ. ನನ್ನ ವಿಮಾನ ಇಳಿಯುವುದು ಎಜೈಜಾ ನಿಲ್ದಾಣದಲ್ಲಿ, ಅಲ್ಲಿಂದ ಊರಿನ ನಡುಭಾಗಕ್ಕೆ 30 ಕಿ.ಮೀ. ಮೇಲೆಯೇ ಇದೆ. ಏರೋಪಾರ್ಕೆ ಅನ್ನುವ ಇನ್ನೊಂದು ನಿಲ್ದಾಣ ನದಿಯ ಪಕ್ಕದಲ್ಲಿ, ಊರೊಳಗೇ ಇದೆ. ಟಿಕೆಟ್ ಕೊಳ್ಳುವಾಗ ಯಾವ ನಿಲ್ದಾಣ ಅಂತ ತಪ್ಪದೆ ನೋಡಿ.

ಬಸ್ಸಿನಲ್ಲಿ ಹೋಗುವ ಆಸೆಯೂ ಇತ್ತು. ಮೆಂಡೋಸಾ ಮೇಲೆ ಹಾದು ರಸ್ತೆಯಲ್ಲಿ ಸುಮಾರು 1,400 ಕಿ.ಮೀ., 20 ಗಂಟೆಗೂ ಜಾಸ್ತಿ. ಚಳಿಗಾಲದಲ್ಲಿ ಹಿಮ ಬಿದ್ದರೆ ಆಂಡೀಸ್ ಘಟ್ಟದ ದಾರಿಯನ್ನೇ ಮುಚ್ಚುತ್ತಾರೆ. ಜುಲೈನಲ್ಲಿ ಆ ಧೈರ್ಯ ಮಾಡಲಿಲ್ಲ.

ಎಡಗಡೆಯ ಕಿಟಕಿ ಸೀಟು ತೆಗೆದುಕೊಂಡಿದ್ದೆ. ವಿಮಾನ ಏರಿದ ಸ್ವಲ್ಪ ಹೊತ್ತಿಗೇ ಆಂಡೀಸ್ ಬಂತು, ಕಣ್ಣು ಹಾಯಿಸಿದಷ್ಟೂ ಬೆಳ್ಳಗೆ. ನಡುವೆ ಅಕೊಂಕಾಗುವಾ, 6,961 ಮೀಟರ್, ದಕ್ಷಿಣ ಅಮೆರಿಕದಲ್ಲೇ ಎತ್ತರದ ಶಿಖರ. ಪಶ್ಚಿಮದ ಗಾಳಿ ಬೆಟ್ಟಕ್ಕೆ ಬಡಿದು ಅಲೆಯಂತೆ ಏಳುವುದರಿಂದ ಇಲ್ಲಿ ವಿಮಾನ ಕುಲುಕುತ್ತದೆ. ಎಲ್ಲರೂ ಬೆಲ್ಟ್ ಹಾಕಿ ಕೂತೇ ಇರಬೇಕು ಅಂತ ಹೇಳಿದರು. ನಾನು ಮುಂದಿನ ಸೀಟು ಬಿಗಿಯಾಗಿ ಹಿಡಿದುಕೊಂಡೆ, ಆದರೆ ಕಿಟಕಿಯಿಂದ ಕಣ್ಣು ತೆಗೆಯಲಿಲ್ಲ. ಹತ್ತಿಪ್ಪತ್ತು ನಿಮಿಷದಲ್ಲಿ ಬೆಟ್ಟ ಮುಗಿದು ಕೆಳಗೆ ಬಯಲು ಶುರುವಾಯಿತು, ಬ್ಯೂನಸ್ ಐರಿಸ್‌ವರೆಗೂ ಅದೇ ಬಯಲು.