ಅಡಿಸ್ ಅಬಾಬಾದ ಗೆಳೆಯರ ಮನೆಯಲ್ಲಿ ಉಪವಾಸದೂಟ: ನನ್ನ ಅನುಭವ

ಇಥಿಯೋಪಿಯಾದ ಗೆಳೆಯರ ಮನೆಯಲ್ಲಿ "ನಾನು ವೆಜಿಟೇರಿಯನ್" ಎಂದರೆ ಪೂರ್ತಿ ಅರ್ಥವಾಗುವುದಿಲ್ಲ. ಮಾಂಸದ ತುಂಡು ಪಕ್ಕಕ್ಕೆ ಸರಿಸಿದ ಸಾರು ಬರಬಹುದು. ನಾನು ಹೇಳುವುದು ಒಂದೇ ಮಾತು: "ತ್ಸೋಮ್", ಅಂದರೆ ಉಪವಾಸ. ಆರ್ಥಡಾಕ್ಸ್ ಕ್ರೈಸ್ತರ ಉಪವಾಸದಲ್ಲಿ ಮಾಂಸ, ಮೊಟ್ಟೆ, ಹಾಲು, ತುಪ್ಪ ಯಾವುದೂ ಇಲ್ಲ. ಅದಕ್ಕೆಂದೇ ಬೇಳೆ, ಸೊಪ್ಪು, ಕಡಲೆಹಿಟ್ಟಿನ ದೊಡ್ಡ ಅಡುಗೆಪಟ್ಟಿ ಅಲ್ಲಿನ ಹೆಂಗಸರ ಕೈಯಲ್ಲಿ ಸಿದ್ಧವಾಗಿರುತ್ತದೆ. ಒಂದೇ ಎಚ್ಚರಿಕೆ, ಉಪವಾಸದಲ್ಲೂ ಕೆಲವರು ಮೀನು ತಿನ್ನುತ್ತಾರೆ. "ಅಸಾ ಅಲ್ಬೆಲಾಮ್" (ಮೀನು ತಿನ್ನುವುದಿಲ್ಲ) ಎಂದು ಮೊದಲೇ ಹೇಳಿಬಿಡಿ.

ಆದ್ದರಿಂದ ಪ್ರಯಾಣದ ದಿನ ಗೊತ್ತುಮಾಡುವಾಗ ಟಿಕೆಟ್ ದರಕ್ಕಿಂತ ಮೊದಲು ಉಪವಾಸದ ಕ್ಯಾಲೆಂಡರ್ ನೋಡುತ್ತೇನೆ. ಪ್ರತಿ ಬುಧವಾರ, ಶುಕ್ರವಾರ ಉಪವಾಸ. ಈಸ್ಟರ್‌ಗೆ ಮುಂಚಿನ 55 ದಿನ ಪೂರ್ತಿ ಉಪವಾಸ. 2027ರಲ್ಲಿ ಅದು ಮಾರ್ಚ್ 8ರಿಂದ ಮೇ 1ರವರೆಗೆ. ನಮ್ಮಂಥವರಿಗೆ ಅದೇ ಹಬ್ಬದ ಕಾಲ. ಈಸ್ಟರ್ ಆದ ಮೇಲಿನ 50 ದಿನ ಮಾತ್ರ ಹೋಗಬೇಡಿ. ಆಗ ಬುಧವಾರ, ಶುಕ್ರವಾರದ ಉಪವಾಸವೂ ಇರುವುದಿಲ್ಲ, ಎಲ್ಲದಕ್ಕೂ ಮಸಾಲೆ ಹಾಕಿ ಕಾಯಿಸಿದ ಬೆಣ್ಣೆ 'ಕಿಬೆ' ಬೀಳುತ್ತದೆ, ಮಾಂಸದ ಸರದಿಯೂ ಜೋರು. ಇದೆಲ್ಲ ಆರ್ಥಡಾಕ್ಸ್ ಮನೆಗಳ ಲೆಕ್ಕ. ಮುಸ್ಲಿಂ, ಪ್ರಾಟೆಸ್ಟೆಂಟ್ ಮನೆಗಳಿಗೆ ಅನ್ವಯಿಸುವುದಿಲ್ಲ.

ಉಡುಗೊರೆಗೂ ಇದೇ ಲೆಕ್ಕ. ಮೈಸೂರು ಪಾಕ್ ಒಯ್ದು ಶುಕ್ರವಾರ ಕೊಟ್ಟರೆ ಅದು ಡಬ್ಬಿಯಲ್ಲೇ ಉಳಿಯುತ್ತದೆ, ತುಪ್ಪ ಇದೆಯಲ್ಲ. ಶೇಂಗಾ ಚಿಕ್ಕಿ ಒಯ್ದರೆ ಕೊಟ್ಟ ದಿನವೇ ಖಾಲಿ.

ಊಟದ ವೇಳೆ ಕೇಳುವಾಗ ಇನ್ನೊಂದು ತೊಡಕು ಇದೆ. ಅಲ್ಲಿ ಗಂಟೆಯ ಎಣಿಕೆ ಸೂರ್ಯೋದಯದಿಂದ ಶುರು, ನಮ್ಮ ಬೆಳಗಿನ 7 ಅವರಿಗೆ 1. "ಆರು ಗಂಟೆಗೆ ಊಟಕ್ಕೆ ಬನ್ನಿ" ಎಂದರೆ ಮಧ್ಯಾಹ್ನ 12. ಖಚಿತಕ್ಕೆ "ಫೆರೆಂಜ್ ಲೆಕ್ಕದಲ್ಲಾ?" ಎಂದು ಕೇಳುತ್ತೇನೆ, ನಮ್ಮ ಫರಂಗಿಯೇ ಅದು. ಕಟ್ಟುನಿಟ್ಟಿನ ಉಪವಾಸದವರು ಮಧ್ಯಾಹ್ನದವರೆಗೆ ಏನೂ ಮುಟ್ಟುವುದಿಲ್ಲ, ಕೆಲವರು ನಮ್ಮ ಲೆಕ್ಕದ 3 ಗಂಟೆಯವರೆಗೂ. ಅತಿಥಿಗೆ ಆ ಕಟ್ಟಿಲ್ಲ, ಆದರೂ ಅವರ ಮುಂದೆ ಕೂತು ತಿನ್ನಲು ನನಗೆ ಮುಜುಗರ. ಚೀಲದಲ್ಲಿ ಬಾಳೆಹಣ್ಣು ಇಟ್ಟುಕೊಂಡಿರುತ್ತೇನೆ.

ಎಲ್ಲರಿಗೂ ಒಂದೇ ದೊಡ್ಡ ತಟ್ಟೆ. ಕೆಳಗೆ ಇಂಜೆರಾ (ಟೆಫ್ ಎಂಬ ಸಣ್ಣ ಧಾನ್ಯದ ಹಿಟ್ಟು ಹುದುಗಿಸಿ ಹುಯ್ದ ದೋಸೆಯಂಥದು) ಹಾಸಿ ಅದರ ಮೇಲೆ ಅಲ್ಲಲ್ಲಿ ಪಲ್ಯ, ಸಾರು ಗುಡ್ಡೆ ಹಾಕುತ್ತಾರೆ. ಬಲಗೈ ಮಾತ್ರ, ನಿಮ್ಮ ಎದುರಿನ ಭಾಗ ಮಾತ್ರ. ಪಕ್ಕದವರು ತುತ್ತು ಸುತ್ತಿ ಬಾಯಿಗೆ ಕೊಟ್ಟರೆ ಅದು 'ಗುರ್ಶಾ', ಪ್ರೀತಿಯ ತುತ್ತು, ಬಾಯಿ ತೆರೆಯಲೇಬೇಕು. ಮೊದಲೇ ಗಂಟಲಮಟ್ಟ ತಿನ್ನಬೇಡಿ, ಇಂಜೆರಾದಿಂದ ಬೇಗ ಹೊಟ್ಟೆ ತುಂಬುತ್ತದೆ. ಸಾಕಾದಾಗ "ತೆಗೆಬ್ಕು" ಎನ್ನಬೇಕು, ಒಮ್ಮೆ ಹೇಳಿದರೆ ನಂಬುವುದಿಲ್ಲ.

ನನಗೆ ಹೆಚ್ಚು ಹಿಡಿದದ್ದು ಶಿರೊ. ಕಡಲೆ ಅಥವಾ ಬಟಾಣಿ ಹುರಿದು ಮಸಾಲೆಯ ಜೊತೆ ಬೀಸಿದ ಹಿಟ್ಟಿನ ಅಡುಗೆ, ನಮ್ಮ ಉತ್ತರ ಕರ್ನಾಟಕದ ಝುಣಕದ ದೂರದ ನಂಟ. ನಾಲ್ಕು ಜನಕ್ಕೆ ಎರಡು ದೊಡ್ಡ ಈರುಳ್ಳಿ ತೀರ ಸಣ್ಣಗೆ ಹೆಚ್ಚಿ, ಎಣ್ಣೆಯಿಲ್ಲದೆ ಸಣ್ಣ ಉರಿಯಲ್ಲಿ ಹತ್ತು ನಿಮಿಷ ಬಾಡಿಸಬೇಕು. ಇದೇ ಅಲ್ಲಿನ ಅಡುಗೆಯ ಗುಟ್ಟು. ಮೊದಲೇ ಎಣ್ಣೆ ಹಾಕಿದರೆ ಈರುಳ್ಳಿ ಕರಗದೆ ಸಾರು ಮಂದವಾಗುವುದಿಲ್ಲ. ಆಮೇಲೆ ಐದು ಚಮಚ ಎಣ್ಣೆ, ಎರಡು ಚಮಚ ಬೆರ್ಬೆರೆ ಖಾರದಪುಡಿ. ಪುಡಿ ಬಿದ್ದ ಕೂಡಲೇ ಒಂದೆರಡು ಚಮಚ ನೀರು ಚಿಮುಕಿಸಿ, ಇಲ್ಲದಿದ್ದರೆ ಸೀದು ಕಹಿಯಾಗುತ್ತದೆ. ಬೆಳ್ಳುಳ್ಳಿ, ಮೂರು ಲೋಟ ನೀರು, ಕುದಿ ಬಂದ ಮೇಲೆ ಮುಕ್ಕಾಲು ಲೋಟ ಶಿರೊ ಹಿಟ್ಟು ಉದುರಿಸುತ್ತಾ ಕಡೆಯುವುದು. ಎಣ್ಣೆ ಮೇಲೆ ತೇಲಿದರೆ ಆಯಿತು, ಸುಮಾರು ಇಪ್ಪತ್ತು ನಿಮಿಷ. ಬರುವಾಗ ಶಿರೊ, ಬೆರ್ಬೆರೆ ಪುಡಿ ತರುತ್ತೇನೆ, ಒಂದು ತಿಂಗಳು ನಡೆಯುತ್ತದೆ.

ಇಂಜೆರಾ ಹುಯ್ಯುವುದು ದೋಸೆ ಕೈಯವರಿಗೆ ಬೇಗ ಬರುತ್ತದೆ ಅಂದುಕೊಂಡರೆ ಬರುವುದಿಲ್ಲ. 1 ಕೆಜಿ ಟೆಫ್ ಹಿಟ್ಟಿಗೆ ಒಂದೂವರೆ ಲೀಟರ್ ನೀರು, ಹಿಂದಿನ ಸಲದ ಹುಳಿನೀರು 'ಎರ್ಶೊ' ಒಂದು ಲೋಟ. ಅಡಿಸ್ ಸುಮಾರು 2,350 ಮೀಟರ್ ಎತ್ತರದ ತಂಪು ಊರು, ಹುದುಗಲು ಮೂರು ದಿನ ಬೇಕು. ಮೇಲೆ ನಿಂತ ಹಳದಿ ನೀರು ಬಸಿದು, ಒಂದು ಲೋಟ ಹಿಟ್ಟನ್ನು ಮೂರು ಲೋಟ ಕುದಿನೀರಿನಲ್ಲಿ ಗಂಜಿ ಮಾಡಿ, ಬೆಚ್ಚಗಾಗುವಷ್ಟು ಆರಿಸಿ ಮತ್ತೆ ಹಿಟ್ಟಿಗೆ ಬೆರೆಸಬೇಕು. ಈ ಗಂಜಿಯ ಹೆಸರು 'ಅಬ್ಸಿತ್'. ಇದನ್ನು ಬಿಟ್ಟರೆ ಇಂಜೆರಾದ ಮೇಲೆ ಕಣ್ಣುಗಳು (ಸಣ್ಣ ತೂತುಗಳು) ಬರುವುದಿಲ್ಲ, ಬಿಸಿಯಾಗಿಯೇ ಸುರಿದರೆ ಹುದುಗೇ ಸತ್ತುಹೋಗುತ್ತದೆ. ಒಂದೆರಡು ಗಂಟೆಯಲ್ಲಿ ಹಿಟ್ಟು ಉಬ್ಬಿದ ಮೇಲೆ 'ಮಿತಾದ್' ಎಂಬ ದೊಡ್ಡ ಕಾವಲಿಯ ಅಂಚಿನಿಂದ ನಡುವಿಗೆ ಸುತ್ತುತ್ತಾ ಸುರಿಯುವುದು. ದೋಸೆಯಂತೆ ನಡುವಿನಿಂದ ಹರಡುವುದಲ್ಲ. ಕಣ್ಣು ತೆರೆದುಕೊಂಡ ಮೇಲೆಯೇ ಮುಚ್ಚಳ, ಆಮೇಲೆ ಒಂದೆರಡು ನಿಮಿಷ, ತಿರುವಿ ಹಾಕುವಂತಿಲ್ಲ. ರಾಗಿ ಹಿಟ್ಟಿನಲ್ಲೂ ಇದನ್ನು ಮಾಡಿದ್ದೇನೆ. ರಾಗಿ ಮೂಲತಃ ಪೂರ್ವ ಆಫ್ರಿಕಾದ ಎತ್ತರದ ಸೀಮೆಯದೇ, ಇಥಿಯೋಪಿಯಾದಲ್ಲಿ ಅದರ ಹೆಸರು 'ದಗುಸಾ'. ಕಣ್ಣು ಬರುತ್ತವೆ, ಆದರೆ ಮಡಚಿದರೆ ಬಿರಿಯುತ್ತದೆ. ಮೂರನೇ ಒಂದು ಪಾಲು ಮೈದಾ ಬೆರೆಸಿದರೆ ನಿಲ್ಲುತ್ತದೆ.

ಊಟದ ನಂತರ ಕಾಫಿಗೆ ಕನಿಷ್ಠ ಒಂದು ಗಂಟೆ ಬೇಕು. ಹಸಿ ಬೀಜ ತೊಳೆದು, ನಿಮ್ಮೆದುರೇ ಹುರಿದು, ಹೊಗೆಯಾಡುವ ಬಾಣಲೆಯನ್ನು ಒಬ್ಬೊಬ್ಬರ ಮೂಗಿನ ಹತ್ತಿರ ತರುತ್ತಾರೆ. ಕೈಯಿಂದ ಹೊಗೆಯನ್ನು ತಮ್ಮತ್ತ ಎಳೆದುಕೊಳ್ಳಬೇಕು. ಕುಟ್ಟಿ, ಮಣ್ಣಿನ 'ಜೆಬೆನಾ'ದಲ್ಲಿ ಕುದಿಸಿ ಮೂರು ಸುತ್ತು ಬಡಿಸುತ್ತಾರೆ: ಅಬೋಲ್, ತೋನಾ, ಬರಕಾ. ಅದೇ ಪುಡಿಗೆ ನೀರು ಸೇರಿಸಿ ಮತ್ತೆ ಕುದಿಸುವುದರಿಂದ ಮೂರನೆಯದು ತೀರ ತೆಳು. ಮೊದಲ ಸುತ್ತಿಗೇ ಎದ್ದರೆ ಮನೆಯವರಿಗೆ ಬೇಸರ. ರಾತ್ರಿ ನಿದ್ದೆಯ ಚಿಂತೆಯಿದ್ದವರು ಮೊದಲ ಸುತ್ತಿನಲ್ಲೇ ಅರ್ಧ ಕಪ್ ಕೇಳಿ, ಉಳಿದೆರಡನ್ನು ಪೂರ್ತಿ ಕುಡಿಯಿರಿ.